ಸೊಂಟ ನೋವಿಗೆ ಹಾಸಿಗೆ: ಗಟ್ಟಿಯೋ, ಮೆತ್ತಗಿನದೋ, ನಡುವಿನದೋ?

ಬೆಳಿಗ್ಗೆ ಏಳುವಾಗ ಸೊಂಟ ಹಿಡಿದುಕೊಂಡಿರುತ್ತದೆ. ಮುಖ ತೊಳೆಯಲು ಬಗ್ಗಿದರೆ ಚಳುಕು ಹೊಡೆಯುತ್ತದೆ. ಸ್ವಲ್ಪ ಹೊತ್ತು ಅತ್ತಿತ್ತ ಓಡಾಡಿದ ಮೇಲೆ ಸಡಿಲವಾಗಿ, ಮಧ್ಯಾಹ್ನದ ಹೊತ್ತಿಗೆ ಮರೆತೇ ಹೋಗಿರುತ್ತದೆ. ನಿಮ್ಮ ನೋವಿನ ದಿನಚರಿ ಹೀಗಿದ್ದರೆ ಹಾಸಿಗೆಯ ಮೇಲೆ ಅನುಮಾನ ಪಡುವುದು ನ್ಯಾಯ. ಹಾಗಲ್ಲದೆ ಏಳುವಾಗ ಹಾಯಾಗಿದ್ದು, ಕೂತು ಕೂತು ಸಂಜೆಗೆ ಸೊಂಟ ಸೋತು ಬರುತ್ತಿದ್ದರೆ ಹಾಸಿಗೆ ಬದಲಿಸಿ ದೊಡ್ಡ ಲಾಭವಿಲ್ಲ. ಆ ದುಡ್ಡನ್ನು ಕುರ್ಚಿಗೆ ಹಾಕಿ.

ಹಾಸಿಗೆ ಬೆನ್ನುನೋವನ್ನು ವಾಸಿ ಮಾಡುವುದಿಲ್ಲ. ಒಳ್ಳೆಯದಾಗಿದ್ದರೆ ರಾತ್ರಿ ಏಳೆಂಟು ಗಂಟೆ ಬೆನ್ನಿನ ತಂಟೆಗೆ ಹೋಗದೆ ಸುಮ್ಮನಿರುತ್ತದೆ, ಅಷ್ಟೇ. ಅಂಗಡಿಯಲ್ಲಿ ಮೊದಲು ಕೇಳಿಬರುವ ಪ್ರಶ್ನೆ ‘ಸ್ಪ್ರಿಂಗೋ ಫೋಮೋ’ ಎಂಬುದು. ನನ್ನ ಲೆಕ್ಕದಲ್ಲಿ ಅದು ನಾಲ್ಕನೆಯದು. ನೋವು ಯಾವ ಹೊತ್ತಿನಲ್ಲಿ ಬರುತ್ತದೆ, ನೀವು ಹೇಗೆ ಮಲಗುತ್ತೀರಿ, ನಿಮ್ಮ ಮೈತೂಕ ಎಷ್ಟು ಎಂಬ ಮೂರಕ್ಕೆ ಉತ್ತರ ಸಿಕ್ಕರೆ ಒಳಗೆ ಏನು ತುಂಬಿರಬೇಕು ಎಂಬುದು ಮುಕ್ಕಾಲು ಪಾಲು ತಾನಾಗಿಯೇ ತೀರ್ಮಾನವಾಗುತ್ತದೆ.

ಮೊದಲು ತಪ್ಪು ಯಾರದೆಂದು ನೋಡಿ

ಕೊಳ್ಳುವ ಮುಂಚೆ ಖರ್ಚಿಲ್ಲದ ಕೆಲವು ಪರೀಕ್ಷೆಗಳಿವೆ. ಪ್ರಯಾಣದಲ್ಲಿ ಬೇರೆ ಹಾಸಿಗೆಯ ಮೇಲೆ ಮೂರು ನಾಲ್ಕು ರಾತ್ರಿ ಮಲಗಿದಾಗ ಬೆಳಗಿನ ನೋವು ಕಡಿಮೆ ಇತ್ತೇ? ಇತ್ತು ಎಂದಾದರೆ ಅದೇ ದೊಡ್ಡ ಸುಳಿವು. ಇನ್ನೊಂದು, ಹೊದಿಕೆ ತೆಗೆದು ಹಾಸಿಗೆಯ ಈ ಅಂಚಿನಿಂದ ಆ ಅಂಚಿಗೆ ಒಂದು ದಾರವನ್ನು ಬಿಗಿಯಾಗಿ ಎಳೆದು ಹಿಡಿಯಿರಿ. ಸೊಂಟ ಬರುವ ಜಾಗದಲ್ಲಿ ದಾರಕ್ಕೂ ಬಟ್ಟೆಗೂ ನಡುವೆ 3 ಸೆಂಟಿಮೀಟರಿನಷ್ಟು ತಗ್ಗು ಕಂಡರೆ ಹಾಸಿಗೆಯ ಆಯುಸ್ಸು ಮುಗಿದಿದೆ. ನೀವು ಮೇಲೆ ಮಲಗಿದಾಗ ಆ ತಗ್ಗು ಇನ್ನೂ ಆಳವಾಗುತ್ತದೆ ಎಂಬುದನ್ನು ಮರೆಯಬೇಡಿ.

ಮೂರನೆಯ ಪರೀಕ್ಷೆಯನ್ನು ಬಹಳ ಜನ ಮಾಡುವುದೇ ಇಲ್ಲ. ಹಾಸಿಗೆಯನ್ನು ಮಂಚದಿಂದ ಇಳಿಸಿ ನೆಲದ ಮೇಲೆ ಹಾಸಿ ನಾಲ್ಕೈದು ರಾತ್ರಿ ಮಲಗಿ. ನೋವು ಇಳಿದರೆ ತಪ್ಪು ಹಾಸಿಗೆಯದಲ್ಲ, ಮಂಚದ್ದು. ಪಟ್ಟಿ ಮುರಿದಿರಬಹುದು, ಪ್ಲೈವುಡ್ ಹಲಗೆ ನಡುವೆ ಬಾಗಿರಬಹುದು, ಪಟ್ಟಿಗಳ ನಡುವಿನ ಸಂದು ಅಗಲವಾಗಿರಬಹುದು. ಸಂದು 7 ಸೆಂಟಿಮೀಟರಿಗಿಂತ ಹೆಚ್ಚಿದ್ದರೆ ಫೋಮ್ ಹಾಸಿಗೆ ಅದರೊಳಗೆ ಇಳಿಯತೊಡಗುತ್ತದೆ. ಹೊಸ ಹಾಸಿಗೆಯನ್ನು ತಂದು ಅದೇ ಬಾಗಿದ ಹಲಗೆಯ ಮೇಲೆ ಹಾಕಿ, ‘ಇದೂ ಸರಿಯಿಲ್ಲ’ ಎನ್ನುವವರನ್ನು ನೋಡಿದ್ದೇನೆ.

ಅಮೆರಿಕದಲ್ಲಿ ನಡೆದು 2009ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 59 ಜನರು ಮೊದಲ 28 ರಾತ್ರಿ ತಮ್ಮದೇ ಹಾಸಿಗೆಯಲ್ಲಿ, ಆಮೇಲಿನ 28 ರಾತ್ರಿ ಹೊಸದಾಗಿ ಕೊಟ್ಟ ಮಧ್ಯಮ ಗಟ್ಟಿಯ ಹಾಸಿಗೆಯಲ್ಲಿ ಮಲಗಿದರು. ಅವರ ಹಳೆಯ ಹಾಸಿಗೆಗಳ ಸರಾಸರಿ ವಯಸ್ಸು ಒಂಬತ್ತೂವರೆ ವರ್ಷ. ಹೊಸದರಲ್ಲಿ ಬೆನ್ನಿನ ನೋವೂ ಬಿಗಿತವೂ ಇಳಿದವು, ನಿದ್ದೆ ಸುಧಾರಿಸಿತು. ಹೊಸದೆಂದು ಗೊತ್ತಿದ್ದೇ ಮಲಗಿದವರು ಅವರು, ಆದ್ದರಿಂದ ಫಲಿತಾಂಶವನ್ನು ಸ್ವಲ್ಪ ತಗ್ಗಿಸಿಯೇ ಓದಬೇಕು. ಆದರೂ ಕುಳಿ ಬಿದ್ದ ಹಳೆಯದನ್ನು ಬಿಡುವುದರಲ್ಲೇ ಅರ್ಧ ಲಾಭವಿದೆ ಎಂದು ನನಗನ್ನಿಸುತ್ತದೆ.

ಇಲ್ಲಿ ಒಂದು ಎಚ್ಚರಿಕೆ ಹೇಳಲೇಬೇಕು. ಮೂತ್ರ ಅಥವಾ ಮಲದ ಹಿಡಿತ ತಪ್ಪುವುದು, ತೊಡೆಸಂದಿನ ಸುತ್ತ ಮರಗಟ್ಟುವುದು, ಕಾಲಿನ ಬಲ ಕುಂದುತ್ತಾ ಹೋಗುವುದು ಕಂಡರೆ ಅದೇ ದಿನ ಆಸ್ಪತ್ರೆಗೆ ಹೋಗಿ. ನೋವಿನ ಜೊತೆ ಜ್ವರ, ಕಾರಣವಿಲ್ಲದೆ ತೂಕ ಇಳಿಯುವುದು, ಹಿಂದೆ ಕ್ಯಾನ್ಸರ್ ಇದ್ದದ್ದು, ಬಿದ್ದು ಪೆಟ್ಟಾದದ್ದು ಇದ್ದರೂ ವೈದ್ಯರನ್ನು ಕಾಣುವುದು ಮೊದಲು, ಹಾಸಿಗೆ ಆಮೇಲೆ. ಇನ್ನೊಂದು ಬಗೆಯ ನೋವಿದೆ. ನಲವತ್ತರ ಒಳಗೇ ನಿಧಾನಕ್ಕೆ ಶುರುವಾಗಿ, ನಡುರಾತ್ರಿ ಕಳೆದ ಮೇಲೆ ಎಬ್ಬಿಸಿ, ಬೆಳಿಗ್ಗೆ ಅರ್ಧ ಗಂಟೆಗೂ ಮೀರಿ ಬಿಗಿದುಕೊಂಡು, ವಿಶ್ರಾಂತಿಯಿಂದ ಇಳಿಯದೆ ಓಡಾಡಿದರೆ ಇಳಿಯುವಂಥದ್ದು. ನೋಡಲು ಹಾಸಿಗೆಯ ತಪ್ಪಿನಂತೆಯೇ ಕಾಣುವ ಇದು ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್‌ನಂಥ ಉರಿಯೂತದ ಕಾಯಿಲೆಯ ಲಕ್ಷಣವೂ ಆಗಿರಬಹುದು. ಮೂರು ಹಾಸಿಗೆ ಬದಲಿಸಿಯೂ ಬೆಳಗಿನ ಬಿಗಿತ ಹೋಗದವರು ಈ ದಿಕ್ಕಿನಲ್ಲಿ ಯೋಚಿಸಬೇಕು.

‘ಹಲಗೆಯ ಮೇಲೆ ಮಲಗು’ ಎಂಬ ಸಲಹೆ

ಸೊಂಟ ನೋವೆಂದರೆ ಸಾಕು, ಗಟ್ಟಿ ಹಾಸಿಗೆ ತಗೋ, ಹಲಗೆ ಹಾಕಿಕೋ ಎನ್ನುವ ಮಾತು ಎಲ್ಲ ಕಡೆಯಿಂದಲೂ ಬರುತ್ತದೆ. ಬಹುಕಾಲ ವೈದ್ಯರೂ ಹಾಗೆಯೇ ಹೇಳುತ್ತಿದ್ದರು. ಅದನ್ನು ಸರಿಯಾಗಿ ಪರೀಕ್ಷೆಗೆ ಒಡ್ಡಿದ್ದು ಸ್ಪೇನಿನ ಸಂಶೋಧಕರು. ಅವರ ವರದಿ 2003ರಲ್ಲಿ ‘ದಿ ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂತು. ಬಹುದಿನಗಳಿಂದ ಸೊಂಟ ನೋವಿದ್ದ, ಮಲಗಿದಾಗಲೂ ಏಳುವಾಗಲೂ ನೋಯುತ್ತದೆ ಎನ್ನುತ್ತಿದ್ದ 313 ಜನರನ್ನು ಆರಿಸಿ, ಯಾರಿಗೆ ಯಾವುದು ಎಂದು ಚೀಟಿ ಎತ್ತಿದ ಹಾಗೆ ಹಂಚಿ, ಅರ್ಧ ಜನರಿಗೆ ಗಟ್ಟಿ ಹಾಸಿಗೆಯನ್ನೂ ಇನ್ನರ್ಧಕ್ಕೆ ಮಧ್ಯಮ ಗಟ್ಟಿಯದನ್ನೂ ಕೊಟ್ಟರು. ತಮಗೆ ಬಂದದ್ದು ಯಾವುದೆಂದು ಮಲಗುವವರಿಗೆ ಹೇಳಿರಲಿಲ್ಲ. 90 ದಿನಗಳ ನಂತರ ನೋಡಿದರೆ ಮಲಗಿದಾಗಿನ ನೋವು, ಏಳುವಾಗಿನ ನೋವು, ದಿನದ ಕೆಲಸಕ್ಕೆ ಆಗುವ ತೊಂದರೆ ಈ ಮೂರರಲ್ಲೂ ಮಧ್ಯಮ ಗಟ್ಟಿಯವರೇ ಮುಂದಿದ್ದರು.

ಆ ಅಧ್ಯಯನದಲ್ಲಿ ಬಳಸಿದ ಅಳತೆಗೋಲಿನ ಬಗ್ಗೆ ಒಂದು ಮಾತು. ಅದರಲ್ಲಿ 1 ಎಂದರೆ ಅತಿ ಗಟ್ಟಿ, 10 ಎಂದರೆ ಅತಿ ಮೆತ್ತಗೆ. ಗಟ್ಟಿ ಹಾಸಿಗೆ 2.3, ಮಧ್ಯಮದ್ದು 5.6. ಮಾರುವವರಲ್ಲಿ ಬಹಳಷ್ಟು ಜನ ಇದನ್ನು ತಲೆಕೆಳಗು ಮಾಡಿ 10 ಎಂದರೆ ಗಟ್ಟಿ ಎಂದು ಹೇಳುತ್ತಾರೆ. ಸಂಖ್ಯೆ ಕೇಳಿದಾಗ ಯಾವ ತುದಿ ಗಟ್ಟಿ ಎಂದು ಮೊದಲು ಕೇಳಿಕೊಳ್ಳಿ.

ಡೆನ್ಮಾರ್ಕಿನಲ್ಲಿ 2008ರಲ್ಲಿ ಪ್ರಕಟವಾದ ಇನ್ನೊಂದು ಪ್ರಯೋಗದಲ್ಲಿ 160 ಜನರ ಮೇಲೆ ನೀರಿನ ಹಾಸಿಗೆ, ಮೈಯ ಆಕಾರಕ್ಕೆ ಒಗ್ಗುವ ಫೋಮ್, ಗಟ್ಟಿ ಹಾಸಿಗೆ ಈ ಮೂರನ್ನೂ ಹೋಲಿಸಿದರು. ಮೊದಲೆರಡು ಗಟ್ಟಿಯದಕ್ಕಿಂತ ಮೇಲಾದವು, ಆದರೆ ಅಂತರ ಸಣ್ಣದು. 24 ಪ್ರಯೋಗಗಳನ್ನು ಒಟ್ಟಿಗೆ ಇಟ್ಟು ನೋಡಿದ 2015ರ ವಿಮರ್ಶೆಯೂ ಮಧ್ಯಮ ಗಟ್ಟಿಯ ಕಡೆಗೇ, ಗಟ್ಟಿತನವನ್ನು ನಾವೇ ಹೊಂದಿಸಿಕೊಳ್ಳಬಹುದಾದ ಹಾಸಿಗೆಗಳ ಕಡೆಗೇ ವಾಲಿತು. ಹಾಗಾಗಿ ಯಾವ ಮಾಹಿತಿಯೂ ಇಲ್ಲದವರು ಮಧ್ಯಮ ಗಟ್ಟಿಯಿಂದ ಹೊರಡುವುದು ಸರಿ. ಅಲ್ಲಿಂದ ಯಾವ ಕಡೆಗೆ ಸರಿಯಬೇಕು ಎಂಬುದನ್ನು ನಿಮ್ಮ ಮೈಯೇ ಹೇಳಬೇಕು.

ಇಷ್ಟು ಹೇಳಿದ ಮೇಲೆ, ಹಾಸಿಗೆ ಎಷ್ಟೇ ಒಳ್ಳೆಯದಿರಲಿ, ನೋವೆಂದು ಹಗಲೆಲ್ಲ ಅದರ ಮೇಲೆ ಬಿದ್ದಿರಬೇಡಿ. ಹಠಾತ್ತನೆ ಸೊಂಟ ಹಿಡಿದವರಲ್ಲಿ ಎರಡು ದಿನ ಮಲಗಿದವರಿಗಿಂತ, ಆದಷ್ಟು ಮಾಮೂಲಿ ಕೆಲಸ ಮಾಡಿಕೊಂಡಿದ್ದವರೇ ಬೇಗ ಚೇತರಿಸಿಕೊಂಡರೆಂದು ಫಿನ್‌ಲ್ಯಾಂಡಿನ ಸಂಶೋಧಕರು 1995ರಲ್ಲೇ ತೋರಿಸಿದ್ದಾರೆ.

ಮಲಗಿದಾಗ ಬೆನ್ನಿಗೆ ಏನಾಗುತ್ತದೆ

ಬೆನ್ನುಮೂಳೆಗಳ ನಡುವಿನ ಡಿಸ್ಕ್‌ಗಳಿಗೆ ರಕ್ತನಾಳಗಳ ನೇರ ಪೂರೈಕೆ ಇಲ್ಲವೆಂದೇ ಹೇಳಬೇಕು. ಸ್ಪಂಜಿನಂತೆ ಅವು ಹಗಲಿನ ಭಾರಕ್ಕೆ ನೀರು ಬಿಡುತ್ತವೆ, ರಾತ್ರಿ ಭಾರ ಇಳಿದಾಗ ಹೀರಿಕೊಳ್ಳುತ್ತವೆ. ನಿಂತಾಗ ಸೊಂಟದ ಡಿಸ್ಕಿನೊಳಗಿರುವ ಒತ್ತಡ ಅಂಗಾತ ಮಲಗಿದಾಗ ಸುಮಾರು ಐದನೆಯ ಒಂದು ಭಾಗಕ್ಕೆ ಇಳಿಯುತ್ತದೆ. ಬೆಳಿಗ್ಗೆ ನಾವು ರಾತ್ರಿಗಿಂತ ಒಂದೂವರೆ ಸೆಂಟಿಮೀಟರಿನಷ್ಟು ಎತ್ತರವಾಗಿರುವುದೂ ಇದರಿಂದಲೇ. ನೀರು ತುಂಬಿ ಉಬ್ಬಿದ ಡಿಸ್ಕ್ ಬಾಗಲು ಒಪ್ಪುವುದಿಲ್ಲ. ಆದ್ದರಿಂದ ಎದ್ದ ಕೂಡಲೇ ಸ್ವಲ್ಪ ಬಿಗಿತ ಯಾವ ಹಾಸಿಗೆಯಲ್ಲಾದರೂ ಇರುವುದೇ. ಮೊದಲ ಅರ್ಧ ಮುಕ್ಕಾಲು ಗಂಟೆ ಬಗ್ಗಿ ಭಾರ ಎತ್ತದಿರುವುದು ಹಾಸಿಗೆ ಬದಲಿಸುವುದಕ್ಕಿಂತ ಅಗ್ಗದ ಉಪಾಯ.

ಹಾಸಿಗೆಯ ಪಾತ್ರ ಬರುವುದು ಆಕಾರದ ವಿಷಯದಲ್ಲಿ. ನಮ್ಮ ಮೈ ಹಲಗೆಯಂತೆ ಸಪಾಟಲ್ಲ. ಭುಜ ಮತ್ತು ಪೃಷ್ಠ ಉಬ್ಬಿವೆ, ನಡು ಒಳಕ್ಕೆ ಬಾಗಿದೆ. ತೂಕವೂ ಸಮನಾಗಿ ಹಂಚಿಲ್ಲ, ಪೃಷ್ಠದ ಭಾಗವೇ ಹೆಚ್ಚು ಭಾರ. ತೀರ ಮೆತ್ತಗಿನ ಹಾಸಿಗೆಯಲ್ಲಿ ಆ ಭಾರ ಮುಳುಗಿ ಬೆನ್ನು ಜೋಲಿಯಲ್ಲಿ ಮಲಗಿದಂತೆ ಬಾಗುತ್ತದೆ. ತೀರ ಗಟ್ಟಿಯದರಲ್ಲಿ ಭುಜ, ಪೃಷ್ಠ ಎರಡೇ ನೆಲಕಚ್ಚಿ ನಡು ಸೇತುವೆಯಂತೆ ಗಾಳಿಯಲ್ಲಿ ಉಳಿಯುತ್ತದೆ. ಸುತ್ತಲಿನ ಸ್ನಾಯುಗಳು ರಾತ್ರಿಯಿಡೀ ಆ ಸೇತುವೆಯನ್ನು ಎತ್ತಿಹಿಡಿದು ಬೆಳಿಗ್ಗೆ ನಿಮಗೆ ಲೆಕ್ಕ ಒಪ್ಪಿಸುತ್ತವೆ. ಉಬ್ಬಿದ್ದನ್ನು ಬೇಕಾದಷ್ಟೇ ಒಳಗೆ ಬಿಟ್ಟುಕೊಂಡು, ಒಳಬಾಗಿದ ನಡುವಿಗೆ ತಾನೇ ಎದ್ದು ಆಸರೆ ಕೊಡುವುದು ಒಳ್ಳೆಯ ಹಾಸಿಗೆ.

ನೀವು ಹೇಗೆ ಮಲಗುತ್ತೀರಿ?

ಮಗ್ಗುಲಾಗಿ ಮಲಗುವವರಿಗೆ ಮೇಲ್ಪದರ ಮೆತ್ತಗಿರಲೇಬೇಕು. ಕಿರಿದಾದ ಭುಜದ ಮೇಲೆ, ಸೊಂಟದ ಪಕ್ಕದ ಮೂಳೆಯ ಮೇಲೆ ಅಷ್ಟೂ ತೂಕ ಬೀಳುತ್ತದೆ. ನಾನು ಮಗ್ಗುಲಾಗಿ ಮಲಗುವವನು. ಗಟ್ಟಿಯದೇ ಒಳ್ಳೆಯದೆಂಬ ಮಾತು ನಂಬಿ ಒಮ್ಮೆ ಹಲಗೆಯಂಥ ಹಾಸಿಗೆ ತಂದೆ. ಸೊಂಟ ನೋವು ಇದ್ದ ಹಾಗೇ ಇತ್ತು, ಜೊತೆಗೆ ರಾತ್ರಿ ಮೂರು ಗಂಟೆಗೆ ತೋಳು ಜೋಮು ಹಿಡಿದು ಎಚ್ಚರವಾಗುವ ಹೊಸ ಕಾಟವೊಂದು ಅಂಟಿಕೊಂಡಿತು. ತಿಂಗಳಾದ ಮೇಲೆ ಅದರ ಮೇಲೊಂದು 5 ಸೆಂಟಿಮೀಟರಿನ ಮೆತ್ತನೆಯ ಹಾಸು ಹಾಕಿದಾಗ ಎರಡೂ ಇಳಿದವು. ಮಗ್ಗುಲಾಗಿ ಮಲಗುವವರು ಮಂಡಿಗಳ ನಡುವೆ ಒಂದು ದಿಂಬು ಇಟ್ಟುಕೊಳ್ಳಬೇಕು. ಇಲ್ಲದಿದ್ದರೆ ಮೇಲಿನ ಕಾಲು ಮುಂದಕ್ಕೆ ಜಾರಿ ಸೊಂಟವನ್ನು ತಿರುಚುತ್ತದೆ. ತಲೆದಿಂಬು ಕಿವಿಗೂ ಭುಜದ ತುದಿಗೂ ಇರುವ ಅಂತರವನ್ನು ತುಂಬುವಷ್ಟು ದಪ್ಪವಿರಲಿ. ಹಾಸಿಗೆ ಮೆತ್ತಗಾದಷ್ಟೂ ಭುಜ ಇಳಿಯುವುದರಿಂದ ದಿಂಬು ತೆಳ್ಳಗಾಗಬೇಕು. ಹಾಸಿಗೆ ಬದಲಿಸಿ ದಿಂಬು ಬದಲಿಸದೆ ಕುತ್ತಿಗೆ ನೋವು ತಂದುಕೊಳ್ಳುವುದು ಹೀಗೆ.

ಅಂಗಾತ ಮಲಗುವವರಿಗೆ ಮಧ್ಯಮ ಗಟ್ಟಿ ಸರಿಹೋಗುತ್ತದೆ, ಅದಕ್ಕಿಂತ ಒಂದು ಹೆಜ್ಜೆ ಗಟ್ಟಿಯದೂ ನಡೆದೀತು. ಮಂಡಿಯ ಕೆಳಗೆ ದಿಂಬು ಇಟ್ಟರೆ ನಡುವಿನ ಒಳಬಾಗು ತಗ್ಗಿ ಸ್ನಾಯುಗಳು ಸಡಿಲವಾಗುತ್ತವೆ. ಹಿಂದಕ್ಕೆ ಬಾಗಿದಾಗ ನೋವು ಹೆಚ್ಚುವವರಿಗೆ ಈ ದಿಂಬು ಹಾಸಿಗೆಗಿಂತ ಹೆಚ್ಚು ಉಪಕಾರ ಮಾಡುತ್ತದೆ.

ಬೋರಲು ಮಲಗುವುದನ್ನು ಬಿಡಲಾದರೆ ಬಿಡಿ. ಹೊಟ್ಟೆ ಕೆಳಕ್ಕೆ ಜಗ್ಗಿ ನಡು ಅತಿಯಾಗಿ ಬಾಗುತ್ತದೆ, ಉಸಿರಾಡಲು ಕುತ್ತಿಗೆಯನ್ನು ಒಂದು ಕಡೆಗೆ ತಿರುಗಿಸಲೇಬೇಕು. ಆಗುವುದಿಲ್ಲ ಎನ್ನುವವರು ಗಟ್ಟಿಯ ಕಡೆಗೆ ಸರಿಯಲಿ, ಹೊಟ್ಟೆಯ ಕೆಳಭಾಗಕ್ಕೆ ತೆಳುವಾದ ದಿಂಬು ಇಡಲಿ.

ರಾತ್ರಿಯಿಡೀ ಹೊರಳಾಡುವವರು ಮಧ್ಯಮ ಗಟ್ಟಿಯದರಲ್ಲೇ ಬೇಗ ಪುಟಿಯುವಂಥದ್ದನ್ನು ಆರಿಸಬೇಕು. ಪ್ರತಿಸಲ ಮಗ್ಗುಲು ಬದಲಿಸುವಾಗ ಗುಂಡಿಯಿಂದ ಹತ್ತಿ ಬಂದಂತಾಗಬಾರದು.

ಇದೆಲ್ಲದರ ಮೇಲೆ ತೂಕದ ಲೆಕ್ಕ. ಗಟ್ಟಿ, ಮೆತ್ತಗೆ ಎಂಬುದು ಹಾಸಿಗೆಯದೊಂದೇ ಗುಣವಲ್ಲ, ಮಲಗುವವರದೂ ಹೌದು. 50 ಕಿಲೋ ತೂಗುವವರಿಗೆ ಕಲ್ಲೆನಿಸುವ ಹಾಸಿಗೆ 95 ಕಿಲೋ ತೂಗುವವರಿಗೆ ಹದವಾಗಿರಬಹುದು. ತೆಳ್ಳಗಿನವರು ಮಧ್ಯಮಕ್ಕಿಂತ ಒಂದು ಹೆಜ್ಜೆ ಮೆತ್ತಗೆ ಹೋಗಲಿ. ಭಾರದ ಮೈಯವರು ಒಂದು ಹೆಜ್ಜೆ ಗಟ್ಟಿಯದಕ್ಕೆ ಹೋಗಲಿ, ಹಾಗೆಯೇ ದಪ್ಪವೂ 20 ಸೆಂಟಿಮೀಟರಿಗೆ ಕಡಿಮೆ ಇರದಂತೆ ನೋಡಿಕೊಳ್ಳಲಿ. ತೆಳು ಹಾಸಿಗೆ ಪೂರ್ತಿ ಅದುಮಿಹೋಗಿ ಕೆಳಗಿನ ಹಲಗೆ ತಾಗತೊಡಗಿದರೆ ಮೇಲಿರುವ ವಸ್ತು ಯಾವುದಾದರೇನು? ಇದೇ ಕಾರಣಕ್ಕೆ ಬೇರೆಯವರ ‘ನನಗೆ ಇದರಿಂದ ನೋವೇ ಹೋಯಿತು’ ಎಂಬ ಮಾತನ್ನು ಅವರ ತೂಕ, ಮಲಗುವ ಭಂಗಿ ತಿಳಿಯದೆ ನಂಬಬಾರದು.

ಒಳಗೆ ತುಂಬಿರುವುದು

ಹತ್ತಿಯ ಹಾಸಿಗೆ ಹೊಸದರಲ್ಲಿ ಹಾಯೆನಿಸುತ್ತದೆ. ಕ್ರಮೇಣ ಗಂಟುಕಟ್ಟಿ ಸೊಂಟದ ಕೆಳಗೆ ತೆಳ್ಳಗಾಗುತ್ತದೆ. ಆಗಾಗ ಬಿಸಿಲಿಗೆ ಹಾಕಿ, ಹಿಂಜಿಸಿ ಮತ್ತೆ ತುಂಬಿಸುವ ತಾಳ್ಮೆ ಇರುವವರಿಗೆ, ಅಂಗಾತ ಮಲಗುವ ಹಗುರ ಮೈಯವರಿಗೆ ಸಾಕು.

ತೆಂಗಿನ ನಾರಿಗೆ ರಬ್ಬರ್ ಹಾಲು ಸಿಂಪಡಿಸಿ ಒತ್ತಿ ಮಾಡಿದ ಕಾಯರ್ ಹಾಸಿಗೆ ಗಟ್ಟಿ, ಗಾಳಿಯಾಡುವಂಥದ್ದು. ಮೈಯ ಆಕಾರಕ್ಕೆ ಒಗ್ಗುವ ಗುಣ ಇದರಲ್ಲಿ ಇಲ್ಲವೆಂದೇ ಹೇಳಬೇಕು. ಒಮ್ಮೆ ಅದುಮಿದ ನಾರು ಪೂರ್ತಿ ಮೇಲೇಳುವುದೂ ಇಲ್ಲ. ಮೇಲೆ ಫೋಮಿನದೋ ಲೇಟೆಕ್ಸಿನದೋ ಪದರವಿದ್ದರೆ ಅಂಗಾತ ಮಲಗುವವರಿಗೆ ಒಳ್ಳೆಯ ಆಯ್ಕೆ, ಬರೀ ನಾರಾದರೆ ಮಗ್ಗುಲಾಗಿ ಮಲಗುವವರಿಗೆ ಬೇಡ.

ಸಾದಾ ಪಾಲಿಯುರೆಥೇನ್ ಫೋಮಿನಲ್ಲಿ ಒಳ್ಳೆಯದೂ ಇದೆ, ವರ್ಷದೊಳಗೆ ಕುಳಿ ಬೀಳುವಂಥದ್ದೂ ಇದೆ. ನೋಡಬೇಕಾದದ್ದು ಸಾಂದ್ರತೆ, ಅಂದರೆ ಒಂದು ಘನ ಮೀಟರಿಗೆ ಎಷ್ಟು ಕಿಲೋ ಎಂಬುದು. ದಿನವೂ ಮಲಗುವ ಹಾಸಿಗೆಗೆ 32ಕ್ಕಿಂತ ಕಡಿಮೆಯದು ಬೇಡ. ಸಾಂದ್ರತೆ ಬಾಳಿಕೆಯನ್ನು ಹೇಳುತ್ತದೆಯೇ ಹೊರತು ಗಟ್ಟಿತನವನ್ನಲ್ಲ. ಸಾಂದ್ರತೆ ಹೆಚ್ಚಿದ್ದೂ ಮೆತ್ತಗಿರುವ ಫೋಮ್ ಉಂಟು. ರೀಬಾಂಡೆಡ್ ಫೋಮ್ ಎಂಬುದೊಂದಿದೆ. ಚೂರುಪಾರು ಫೋಮನ್ನು ಅಂಟು ಹಾಕಿ ಒತ್ತಿದ್ದು. ಅದರ ಸಾಂದ್ರತೆಯ ಅಂಕಿ ದೊಡ್ಡದಿರುತ್ತದೆ, ‘ಬೆನ್ನುನೋವಿಗೆಂದೇ’ ಎಂದು ಮಾರುವ ಹಾಸಿಗೆಗಳಲ್ಲಿ ಬಹಳಷ್ಟು ಇದರವೇ. ಅಡಿಯ ಪದರವಾಗಿ ಪರವಾಗಿಲ್ಲ. ಮೇಲಿನ ಪದರವೂ ಅದೇ ಆದರೆ ನೆಲದ ಮೇಲೆ ಮಲಗಿದಂತೆ.

ಮೆಮೊರಿ ಫೋಮ್ ಹುಟ್ಟಿದ್ದು 1966ರಲ್ಲಿ, ನಾಸಾದ ಏಮ್ಸ್ ಸಂಶೋಧನಾ ಕೇಂದ್ರಕ್ಕಾಗಿ ಚಾರ್ಲ್ಸ್ ಯೋಸ್ಟ್ ವಿಮಾನದ ಆಸನದ ಮೆತ್ತೆ ರೂಪಿಸುತ್ತಿದ್ದಾಗ. ಮೈಶಾಖಕ್ಕೂ ಭಾರಕ್ಕೂ ನಿಧಾನವಾಗಿ ಕರಗಿದಂತೆ ಇಳಿದು, ಎದ್ದ ಮೇಲೆ ನಿಧಾನವಾಗಿ ಮೊದಲಿನಂತಾಗುವುದು ಇದರ ಗುಣ. ಭುಜ ಮತ್ತು ಸೊಂಟದ ಮೂಳೆಯ ಮೇಲಿನ ಒತ್ತಡವನ್ನು ಹಂಚುವುದರಲ್ಲಿ ಇದಕ್ಕೆ ಸಾಟಿ ಕಡಿಮೆ. ಜೊತೆಗಾರರು ಹೊರಳಿದರೆ ಈ ಕಡೆಗೆ ತಿಳಿಯುವುದೂ ಇಲ್ಲ. ತೊಂದರೆಗಳೂ ಅದೇ ಗುಣದಿಂದಲೇ ಬರುತ್ತವೆ. ಮಗ್ಗುಲು ಬದಲಿಸಲು ಶ್ರಮ ಬೇಕು. ಸೊಂಟ ಬಿಗಿದವರಿಗೆ, ವಯಸ್ಸಾದವರಿಗೆ ಇದು ಸಣ್ಣ ವಿಷಯವಲ್ಲ. ಶಾಖ ಹಿಡಿದಿಟ್ಟುಕೊಳ್ಳುತ್ತದೆ, ಬೆವರುವವರಿಗೆ ಹಿಂಸೆ. ಚಳಿಯ ಕೋಣೆಯಲ್ಲಿ ಗಟ್ಟಿ, ಸೆಕೆಯಲ್ಲಿ ಮೆತ್ತಗೆ. ಎ.ಸಿ. ಹಾಕಿದ ಅಂಗಡಿಯಲ್ಲಿ ನೋಡಿದ ಹಾಸಿಗೆಯೇ ಮನೆಯಲ್ಲಿ ಬೇರೆಯಾಗಿ ಕಾಣುವುದು ಇದರಿಂದ. 5ರಿಂದ 8 ಸೆಂಟಿಮೀಟರಿನ ಮೆಮೊರಿ ಪದರ, ಅದರ ಕೆಳಗೆ ಗಟ್ಟಿ ಆಸರೆ, ಮೆಮೊರಿ ಪದರದ ಸಾಂದ್ರತೆ 50ಕ್ಕೆ ಮೇಲೆ, ಇಷ್ಟಿದ್ದರೆ ಸಾಕು. ಇನ್ನೂ ದಪ್ಪ ಪದರ ಎಂದರೆ ಇನ್ನೂ ಆಳಕ್ಕೆ ಮುಳುಗುವುದು.

ಲೇಟೆಕ್ಸ್ ಇದಕ್ಕೆ ತದ್ವಿರುದ್ಧ ಸ್ವಭಾವದ್ದು. ಮೈಗೆ ಒಗ್ಗುತ್ತದೆ, ಆದರೆ ತಕ್ಷಣ ಪುಟಿಯುತ್ತದೆ. ಹೊರಳುವವರಿಗೆ ಇದು ವರ. ರಬ್ಬರ್ ಮರದ ಹಾಲನ್ನು ನೊರೆಯೆಬ್ಬಿಸಿ ಬೇಯಿಸುವ ಡನ್‌ಲಪ್ ವಿಧಾನ 1929ರಿಂದ ಇದೆ. ಅಚ್ಚಿನೊಳಗೆ ಗಾಳಿ ಹೀರಿ, ಹೆಪ್ಪುಗಟ್ಟಿಸಿ ಆಮೇಲೆ ಬೇಯಿಸುವುದು ತಲಾಲೆ ವಿಧಾನ. ಮೊದಲನೆಯದು ತುಸು ಗಟ್ಟಿ, ಎರಡನೆಯದು ಹಗುರ ಮತ್ತು ಮೆತ್ತಗೆ. ಒಳ್ಳೆಯ ಲೇಟೆಕ್ಸ್ ಫೋಮಿಗಿಂತ ಹೆಚ್ಚು ವರ್ಷ ಬಾಳುತ್ತದೆ. ಆದರೆ ದುಬಾರಿ, ಒಬ್ಬರಿಂದ ಎತ್ತಲಾಗದಷ್ಟು ಭಾರ. ರಬ್ಬರ್ ಅಲರ್ಜಿ ಇರುವವರು ದೂರವಿರುವುದೇ ಕ್ಷೇಮ. ‘ಲೇಟೆಕ್ಸ್’ ಎಂದು ಬರೆದಿದ್ದರೂ ಒಳಗಿರುವುದು ಸಹಜವೋ, ಕೃತಕವೋ, ಎರಡರ ಮಿಶ್ರಣವೋ, ಪೂರ್ತಿ ಹಾಸಿಗೆಯೋ ಮೇಲಿನ ಎರಡು ಬೆರಳಷ್ಟೋ ಎಂದು ಕೇಳಿ ತಿಳಿಯಿರಿ.

ಸ್ಪ್ರಿಂಗಿನಲ್ಲಿ ಎರಡು ಜಾತಿ. ಬೊನೆಲ್ ಸ್ಪ್ರಿಂಗುಗಳು ಡಮರುಗದ ಆಕಾರದವು, ಒಂದಕ್ಕೊಂದು ತಂತಿಯಿಂದ ಹೆಣೆದಿರುತ್ತವೆ. ಒಂದನ್ನು ಒತ್ತಿದರೆ ಅಕ್ಕಪಕ್ಕದವೂ ಬಗ್ಗುತ್ತವೆ. ಮೈಯ ಏರಿಳಿತ ಹಿಡಿಯುವುದು ಇವಕ್ಕೆ ಕಷ್ಟ. ಪಾಕೆಟ್ ಸ್ಪ್ರಿಂಗಿನಲ್ಲಿ ಪ್ರತಿ ಸುರುಳಿಯೂ ತನ್ನದೇ ಬಟ್ಟೆಯ ಚೀಲದಲ್ಲಿದ್ದು ತನ್ನ ಪಾಡಿಗೆ ತಾನು ಇಳಿಯುತ್ತದೆ. ಭುಜದ ಕೆಳಗಿನದು ಇಳಿದರೂ ನಡುವಿನ ಕೆಳಗಿನದು ಎದ್ದೇ ಇರುತ್ತದೆ. ಬೆನ್ನುನೋವಿಗೆ ಸ್ಪ್ರಿಂಗ್ ಬೇಡ ಎಂಬ ಹಳೆಯ ಮಾತು ಬೊನೆಲ್‌ನ ಅನುಭವದಿಂದ ಬಂದದ್ದು. ಪಾಕೆಟ್ ಸ್ಪ್ರಿಂಗಿಗೆ ಅದನ್ನು ಅನ್ವಯಿಸುವುದು ಅನ್ಯಾಯ. ತಂತಿಯ ಗೇಜ್ ಸಂಖ್ಯೆ ಹೆಚ್ಚಾದಷ್ಟೂ ತಂತಿ ತೆಳು, ಸ್ಪ್ರಿಂಗ್ ಮೆತ್ತಗೆ ಎಂಬುದು ನೆನಪಿರಲಿ.

ಕೆಳಗೆ ಪಾಕೆಟ್ ಸ್ಪ್ರಿಂಗ್, ಮೇಲೆ 5ರಿಂದ 7 ಸೆಂಟಿಮೀಟರ್ ಲೇಟೆಕ್ಸ್ ಅಥವಾ ಫೋಮ್ ಇರುವ ಹೈಬ್ರಿಡ್ ಹಾಸಿಗೆಯನ್ನು ನಾನು ಮೊದಲು ನೋಡುತ್ತೇನೆ. ಆಸರೆಯ ಕೆಲಸ ಒಂದಕ್ಕೆ, ಮೆತ್ತಗಿರುವ ಕೆಲಸ ಇನ್ನೊಂದಕ್ಕೆ ಹಂಚಿರುವುದರಿಂದ ಬೇರೆ ಬೇರೆ ಭಂಗಿಗಳಿಗೆ ಹೊಂದುವ ಅವಕಾಶ ಹೆಚ್ಚು. ಬೆಲೆ ಎಟುಕದಿದ್ದರೆ ಒಳ್ಳೆಯ ಸಾಂದ್ರತೆಯ ಸಾದಾ ಫೋಮ್, ಮೇಲೊಂದು ತೆಳು ಲೇಟೆಕ್ಸ್ ಪದರ. ಅಗ್ಗದ ಮೆಮೊರಿ ಫೋಮಿಗಿಂತ ಇದು ಮೇಲು.

ನೀರಿನ ಹಾಸಿಗೆ ಸಾಗಿಸಲು, ನೋಡಿಕೊಳ್ಳಲು ರಗಳೆ. ಗಾಳಿ ತುಂಬಿ ಗಟ್ಟಿತನ ಹೊಂದಿಸುವ ಹಾಸಿಗೆಗಳಿಗೆ ಬೆನ್ನುನೋವಿನ ದೃಷ್ಟಿಯಿಂದ ಒಳ್ಳೆಯ ಹೆಸರಿದೆ, ಆದರೆ ಪಂಪು ಕೆಟ್ಟ ದಿನ ನಿದ್ದೆಯೂ ಕೆಟ್ಟಂತೆ.

ಚೀಟಿಯ ಮೇಲಿನ ಮಾತು

‘ಆರ್ಥೋಪೆಡಿಕ್’ ಎಂಬ ಪದ ಹಾಸಿಗೆಯ ಮೇಲಿದ್ದರೆ ವೈದ್ಯರು ಒಪ್ಪಿದ್ದಾರೆ ಎಂದು ಅರ್ಥವಲ್ಲ. ಆ ಪದಕ್ಕೆ ಎಲ್ಲರೂ ಒಪ್ಪಿದ ಅಳತೆ ಯಾವುದೂ ಇಲ್ಲ. ಸಾಮಾನ್ಯವಾಗಿ ‘ಗಟ್ಟಿ’ ಎನ್ನುವುದಕ್ಕೆ ಹಾಕಿದ ಕೋಟು ಅದು. ಐದು ವಲಯ, ಏಳು ವಲಯ ಎಂಬ ಹಾಸಿಗೆಗಳಲ್ಲಿ ಭುಜಕ್ಕೆ ಮೆತ್ತಗೆ, ನಡುವಿಗೆ ಗಟ್ಟಿ ಎಂದು ಭಾಗ ಮಾಡಿರುತ್ತಾರೆ. ಯೋಚನೆ ಸರಿಯೇ, ಆದರೆ ಆ ವಲಯ ನಿಮ್ಮ ಎತ್ತರಕ್ಕೆ ಸರಿಯಾದ ಜಾಗದಲ್ಲಿ ಬಿದ್ದರೆ ಮಾತ್ರ ಉಪಯೋಗ. ತೀರ ಗಿಡ್ಡಗಿರುವವರಿಗೆ, ತೀರ ಎತ್ತರವಿರುವವರಿಗೆ ನಡುವಿನ ಗಟ್ಟಿ ಪಟ್ಟಿ ಪೃಷ್ಠದ ಕೆಳಗೋ ಪಕ್ಕೆಲುಬಿನ ಕೆಳಗೋ ಬರುತ್ತದೆ.

ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆ ಖರ್ಚಿನ ವಿಷಯದಲ್ಲಿ ಚೆನ್ನ. ಸೊಂಟ ನೋವಿನವರು ಮಾತ್ರ ಕಾಲು ಚಾಚುವಷ್ಟು ಹಾಸಿಗೆ ಕೊಳ್ಳಬೇಕು, ಎತ್ತರಕ್ಕಿಂತ 15 ಸೆಂಟಿಮೀಟರ್ ಆದರೂ ಹೆಚ್ಚು.

ವಾರಂಟಿ ಓದುವಾಗ ಎಷ್ಟು ವರ್ಷ ಎಂಬುದಕ್ಕಿಂತ ಎಷ್ಟು ತಗ್ಗು ಬಿದ್ದರೆ ಬದಲಿಸಿಕೊಡುತ್ತಾರೆ ಎಂದು ನೋಡಿ. ಬೆನ್ನು ಅದಕ್ಕಿಂತ ಬಹಳ ಮುಂಚೆಯೇ ದೂರು ಹೇಳುತ್ತದೆ.

ಮಲಗಿ ನೋಡುವುದು

ಅಂಗಡಿಯಲ್ಲಿ ಅಂಚಿನ ಮೇಲೆ ಕೂತು, ಅಂಗೈಯಿಂದ ಒತ್ತಿ ನೋಡಿ ಬರುವುದು ಪರೀಕ್ಷೆಯಲ್ಲ. ಚಪ್ಪಲಿ ಬಿಟ್ಟು, ನೀವು ನಿದ್ದೆ ಮಾಡುವ ಭಂಗಿಯಲ್ಲೇ ಹದಿನೈದು ನಿಮಿಷ ಮಲಗಿ. ನಾಚಿಕೆಯೆನಿಸಬಹುದು, ಆದರೆ ಇದು ಎಂಟು ಹತ್ತು ವರ್ಷದ ವ್ಯವಹಾರ. ಅಂಗಾತ ಮಲಗಿ ನಡುವಿನ ಕೆಳಗೆ ಅಂಗೈ ತೂರಿಸಿ. ಸಲೀಸಾಗಿ ಆ ಕಡೆಗೆ ಹೋಗಿಬಿಟ್ಟರೆ ಹಾಸಿಗೆ ನಿಮಗೆ ಗಟ್ಟಿ. ತೂರಿಸಲು ಒದ್ದಾಡಬೇಕಾದರೆ ಮೆತ್ತಗೆ. ಸ್ವಲ್ಪ ಒತ್ತಿ ತಳ್ಳಿದರೆ ಹೋಗುವಂತಿದ್ದರೆ ಹದ. ಮಗ್ಗುಲಾಗಿ ಮಲಗುವವರು ಜೊತೆಯಲ್ಲಿ ಬಂದವರಿಗೆ ಹೇಳಿ ಬೆನ್ನ ಹಿಂದಿನಿಂದ ಮೊಬೈಲಿನಲ್ಲಿ ಒಂದು ಫೋಟೋ ತೆಗೆಸಿಕೊಳ್ಳಲಿ. ಕುತ್ತಿಗೆಯಿಂದ ಬಾಲಮೂಳೆಯವರೆಗೆ ಗೆರೆ ನೇರವಿರಬೇಕು. ನಡು ಕೆಳಕ್ಕೆ ಜೋತಿದೆಯೋ ಮೇಲಕ್ಕೆ ಕಮಾನಾಗಿದೆಯೋ ಎಂಬುದು ಚಿತ್ರದಲ್ಲಿ ಮಾರಾಟಗಾರನ ಮಾತಿಗಿಂತ ಸ್ಪಷ್ಟವಾಗಿ ಕಾಣುತ್ತದೆ.

ಇಬ್ಬರು ಮಲಗುವ ಹಾಸಿಗೆಯಾದರೆ ಇಬ್ಬರೂ ಒಟ್ಟಿಗೆ ಮಲಗಿ ನೋಡಬೇಕು. ತೂಕದಲ್ಲಿ 30 ಕಿಲೋ ವ್ಯತ್ಯಾಸವಿದ್ದರೆ ಇಬ್ಬರಿಗೂ ಒಪ್ಪುವ ಒಂದು ಹಾಸಿಗೆ ಹುಡುಕುವ ಬದಲು ಎರಡು ಒಂಟಿ ಹಾಸಿಗೆಗಳನ್ನು ಜೋಡಿಸಿ, ಒಂದೇ ಹೊದಿಕೆ ಹಾಕುವುದು ಬುದ್ಧಿವಂತಿಕೆ. ವಯಸ್ಸಾದವರಿಗೆ ಅಂಚಿನ ಗಟ್ಟಿತನ, ಎತ್ತರ ಎರಡೂ ಮುಖ್ಯ. ಅಂಚಿನಲ್ಲಿ ಕೂತಾಗ ಪಾದ ಪೂರ್ತಿ ನೆಲಕ್ಕೆ ತಾಗಿ ಮಂಡಿ ಲಂಬಕೋನದಲ್ಲಿರಬೇಕು. ಮಂಚ ಮತ್ತು ಹಾಸಿಗೆ ಸೇರಿ ಸುಮಾರು 45ರಿಂದ 50 ಸೆಂಟಿಮೀಟರ್ ಬರುವಂತೆ ನೋಡಿಕೊಂಡರೆ ಹೆಚ್ಚಿನವರಿಗೆ ಸರಿ. ಏಳುವಾಗ ನೇರ ಎದ್ದು ಕೂರದೆ ಮಗ್ಗುಲಿಗೆ ಹೊರಳಿ, ಕಾಲು ಕೆಳಗಿಳಿಸುತ್ತಾ ಕೈ ಊರಿ ಏಳಬೇಕು. ಇದನ್ನು ಎಲ್ಲ ಸೊಂಟ ನೋವಿನವರಿಗೂ ಹೇಳುತ್ತೇನೆ.

ಈಗಲೇ ಹೊಸದು ಬೇಡ ಎನ್ನುವವರು ಪ್ರಯೋಗ ಮಾಡಬಹುದು. ಹಾಸಿಗೆ ತೀರ ಗಟ್ಟಿಯಾಗಿದ್ದರೆ ಮೇಲೊಂದು 5 ಸೆಂಟಿಮೀಟರಿನ ಟಾಪರ್, ಅಂದರೆ ಮೆತ್ತನೆಯ ಮೇಲುಹಾಸು, ಹಾಕಿ. ಜೋಲಿಯಾಗುತ್ತಿದ್ದರೆ ಕೆಳಗೊಂದು ಪ್ಲೈವುಡ್ ಹಲಗೆ ಸೇರಿಸಿ. ಕುಳಿ ಬಿದ್ದ ಹಾಸಿಗೆಯ ಮೇಲೆ ಟಾಪರ್ ಹಾಕುವುದು ಮಾತ್ರ ವ್ಯರ್ಥ, ಮೇಲಿನದೂ ಅದೇ ಕುಳಿಗೆ ಇಳಿಯುತ್ತದೆ.

ಹೊಸ ಹಾಸಿಗೆ ಬಂದ ಮೊದಲ ಎರಡು ಮೂರು ರಾತ್ರಿಗಳ ತೀರ್ಪನ್ನು ನಂಬಬೇಡಿ. ಹಳೆಯ ಕುಳಿಗೆ ಒಗ್ಗಿದ ಮೈ ಸಪಾಟಾದದ್ದರ ಮೇಲೆ ಮೊದಲು ಗೊಣಗುವುದು ಸಹಜ. ಮೂರು ನಾಲ್ಕು ವಾರ ಕೊಡಿ. ಹಿಂದಿರುಗಿಸುವ ಅವಕಾಶ ಅದಕ್ಕಿಂತ ಹೆಚ್ಚು ದಿನ ಇರುವ ಕಡೆಯೇ ಕೊಳ್ಳಿ, ಹಿಂದಿರುಗಿಸಲು ಸಾಗಣೆಯ ಖರ್ಚು ಯಾರದೆಂದು ಮೊದಲೇ ಕೇಳಿ. ದಿನವೂ ಎದ್ದ ತಕ್ಷಣ ನೋವಿಗೆ ಹತ್ತರಲ್ಲಿ ಎಷ್ಟು ಅಂಕ ಎಂದು ಕ್ಯಾಲೆಂಡರಿನ ಮೂಲೆಯಲ್ಲಿ ಬರೆದಿಡಿ. ತರುವ ಮುಂಚಿನ ಒಂದು ವಾರದಿಂದಲೇ ಶುರು ಮಾಡಿ. ನಾಲ್ಕನೆಯ ವಾರದ ಅಂಕಗಳು ಆ ಮೊದಲ ವಾರದವುಗಳಿಗಿಂತ ಇಳಿದಿಲ್ಲವಾದರೆ, ಅವಧಿ ಮುಗಿಯುವ ಮುಂಚೆ ಹಾಸಿಗೆಯನ್ನು ಹಿಂದಕ್ಕೆ ಕಳಿಸಿ.